ಹಾಲು ಎಲ್ಲಿ ಹೋಯಿತು ನೋಡಿ

ಜಾರ್ಜ್ ಆರ್ವೆಲ್ ಅವರ ‘ಅನಿಮಲ್ ಫಾರ್ಮ್’ ಕಾದಂಬರಿಯಲ್ಲಿ ಪ್ರಾಣಿಗಳು ದಂಗೆ ಎದ್ದು ಫಾರ್ಮ್ ವಶಪಡಿಸಿಕೊಳ್ಳುತ್ತವೆ. ಅವುಗಳ ಮುಖಂಡರಾದ ಹಂದಿಗಳು ಕೆಟ್ಟಿದ್ದು ಯಾವಾಗ, ನೆಪೋಲಿಯನ್ ಅನ್ನೋ ಹಂದಿ ನಾಯಿಗಳನ್ನು ಛೂ ಬಿಟ್ಟು ಜೊತೆಗಾರ ಹಂದಿ ಸ್ನೋಬಾಲ್‌ನನ್ನು ಓಡಿಸಿದಾಗಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅದಕ್ಕೂ ಎಷ್ಟೋ ಮೊದಲೇ.

ಎರಡನೇ ಅಧ್ಯಾಯದ ಕೊನೆ ತೆಗೆದು ನೋಡಿ. ಫಾರ್ಮ್‌ನ ಯಜಮಾನ ಜೋನ್ಸ್‌ನನ್ನು ಹೊರದಬ್ಬಿದ ಮಾರನೇ ದಿನ ಅಷ್ಟೆ. ಹಸು ಕರೆದು ಐದು ಬಕೆಟ್ ಹಾಲು ತುಂಬಿದೆ. ನೆಪೋಲಿಯನ್ ಬಕೆಟ್‌ಗಳ ಮುಂದೆ ನಿಂತು, ಹಾಲಿನ ಚಿಂತೆ ಬಿಡಿ, ಹುಲ್ಲು ಕೊಯ್ಯೋಕೆ ನಡೀರಿ ಅಂತಾನೆ. ಸಂಜೆ ಬಂದು ನೋಡಿದರೆ ಹಾಲು ಮಾಯ! ಆಮೇಲೆ ಗೊತ್ತಾಗುತ್ತದೆ, ಅದು ದಿನಾ ಹಂದಿಗಳ ಮುಸುರೆಗೆ ಸೇರುತ್ತಿತ್ತು ಅಂತ. ಉದುರಿದ ಸೇಬೂ ಅವಕ್ಕೇ. ನಮ್ಮಲ್ಲಿ ಎಷ್ಟೋ ಜನಕ್ಕೆ ಹಾಲು ಸೇರೋದೇ ಇಲ್ಲ, ನಿಮಗೋಸ್ಕರ ಕುಡಿಯುತ್ತಿದ್ದೇವೆ, ಇಲ್ಲದಿದ್ದರೆ ಜೋನ್ಸ್ ವಾಪಸ್ ಬರ್ತಾನೆ ಅಂತ ಹಂದಿಗಳ ವಕ್ತಾರ ಸ್ಕ್ವೀಲರ್ ಹೆದರಿಸುತ್ತಾನೆ. ಎಲ್ಲರೂ ಗಪ್‌ಚುಪ್. ಸ್ನೋಬಾಲ್ ಕೂಡ ಇದಕ್ಕೆ ಒಪ್ಪಿದ್ದ, ನೆನಪಿರಲಿ. ಅವನೇನೂ ಹಾಲಿನಂಥ ಮನಸ್ಸಿನವನಲ್ಲ!

ನೀವು ಹೇಳಿದ ನಾಯಿಗಳೂ ಅಷ್ಟೆ. ಮೂರನೇ ಅಧ್ಯಾಯದಲ್ಲೇ ಒಂಬತ್ತು ಮರಿಗಳನ್ನು ತಾಯಂದಿರಿಂದ ಬಿಡಿಸಿ, ಓದು ಕಲಿಸ್ತೀನಿ ಅಂತ ನೆಪೋಲಿಯನ್ ಅಟ್ಟಕ್ಕೆ ಸೇರಿಸಿಬಿಟ್ಟಿದ್ದ.

ಇದು ಸುಮ್ನೆ ನನ್ನ ಊಹೆ ಅಲ್ಲ. ಹಾಲು-ಸೇಬಿನ ಪ್ರಸಂಗವೇ ಕಥೆಯ ತಿರುವು ಅಂತ ಆರ್ವೆಲ್ 1946ರಲ್ಲಿ ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಪತ್ರ ಬರೆದಿದ್ದರು. ಜೊತೆಗೇ ರಷ್ಯಾದ ನೌಕಾನೆಲೆ ಕ್ರೊನ್‌ಸ್ಟಾಟ್ ಹೆಸರೂ ಎತ್ತಿದ್ದರು. ಈ ಕಥೆಯೇ ರಷ್ಯಾ ಕ್ರಾಂತಿಯ ಅಣಕ, ನೆಪೋಲಿಯನ್ ಅಂದರೆ ಸ್ಟಾಲಿನ್. 1921ರಲ್ಲಿ ಅಲ್ಲಿನ ನಾವಿಕರು ದಂಗೆ ಎದ್ದಾಗ ಬೊಲ್ಶೆವಿಕ್ (ಕಮ್ಯುನಿಸ್ಟ್) ಸರ್ಕಾರ ಅದನ್ನು ಬಗ್ಗುಬಡಿಯಿತು. ಆಗ ಅಧಿಕಾರ ಇದ್ದದ್ದು ಲೆನಿನ್ ಕೈಯಲ್ಲಿ. ಸೇನೆ ಟ್ರಾಟ್‌ಸ್ಕಿ ಕೈಯಲ್ಲಿ, ಅಂದರೆ ಕಥೆಯ ಸ್ನೋಬಾಲ್ ಕೈಯಲ್ಲಿ!