ನೀಲಿ ಗೆರೆ ಎಲ್ಲಿ ನಿಲ್ಲುತ್ತದೆ ನೋಡಿ

ಪ್ರಶ್ನೆ: ನಿಯಾನ್ ಟೆಟ್ರಾ ಎಂದು ಹೇಳಿ ಅಕ್ವೇರಿಯಂ ಅಂಗಡಿಯವರು ಹತ್ತು ಮೀನು ಕೊಟ್ಟರು. ತಿಂಗಳುಗಳು ಕಳೆದರೂ ಎರಡು ಸೆಂಟಿಮೀಟರ್ ದಾಟಿಲ್ಲ. ನೀಲಿ ಗೆರೆ ಬಾಲದ ಬುಡದವರೆಗೂ ಹೊಳೆಯುತ್ತದೆ, ಕೆಂಪು ಮಾತ್ರ ತೀರಾ ಮಾಸಲು. ಇದು ರೋಗವೇ, ಅಥವಾ ಇವು ನಿಯಾನ್‌ನಂತೆಯೇ ಕಾಣುವ ಕಾರ್ಡಿನಲ್ ಟೆಟ್ರಾದ ಮರಿಗಳೇ? ನಮ್ಮದು ಬೋರ್‌ವೆಲ್ ನೀರು.
– ಓದುಗರು, ದಾವಣಗೆರೆ

ಉತ್ತರ: ಎರಡೂ ಅಲ್ಲ. ನೀವು ಬರೆದ ಲಕ್ಷಣಗಳೆಲ್ಲ ಗ್ರೀನ್ ನಿಯಾನ್ ಟೆಟ್ರಾಕ್ಕೆ ಹೊಂದುತ್ತವೆ. ವೈಜ್ಞಾನಿಕ ಹೆಸರು ಪ್ಯಾರಾಕೈರೋಡಾನ್ ಸಿಮ್ಯುಲಾನ್ಸ್. ಇದು ಬೆಳೆದರೂ ಇಷ್ಟೇ ಪುಟ್ಟದು.

ಬಣ್ಣ ಎಷ್ಟು ಗಾಢವಾಗಿದೆ ಎನ್ನುವುದನ್ನು ನಂಬಬೇಡಿ. ಹೆದರಿದಾಗ, ದೀಪ ಆರಿಸಿದಾಗ ಈ ಮೀನುಗಳೆಲ್ಲ ಮಂಕಾಗುತ್ತವೆ. ಲೈಟ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಗೆರೆಗಳು ಎಲ್ಲಿಂದ ಎಲ್ಲಿಯವರೆಗೆ ಇವೆ ಎಂದು ನೋಡಿ. ಬೆನ್ನಿನ ಮೇಲೆ, ಬಾಲಕ್ಕೆ ಹತ್ತಿರ ಒಂದು ಚಿಕ್ಕ ರೆಕ್ಕೆ ಇರುತ್ತದೆ. ನಿಯಾನ್‌ನಲ್ಲಿ ನೀಲಿ ಅದರ ಆಸುಪಾಸಿನಲ್ಲೇ ನಿಲ್ಲುತ್ತದೆ, ಕೆಂಪು ದೇಹದ ಹಿಂದಿನ ಅರ್ಧದಲ್ಲಷ್ಟೇ ಇರುತ್ತದೆ. ಕಾರ್ಡಿನಲ್‌ನಲ್ಲಿ ಕೆಂಪು ತಲೆಯ ಕಡೆಯಿಂದಲೇ ಶುರುವಾಗಿ ಬಾಲದವರೆಗೆ ಹಾಸಿರುತ್ತದೆ. ಗ್ರೀನ್ ನಿಯಾನ್‌ನಲ್ಲಿ ನೀಲಿ ಆ ರೆಕ್ಕೆ ದಾಟಿ ಬಾಲದ ಬುಡ ಮುಟ್ಟುತ್ತದೆ. ಕೆಂಪು ಹಿಂಭಾಗದಲ್ಲಿ ಬಳಿದು ಒರೆಸಿದ ಕುಂಕುಮದಂತೆ ಕಂಡೂ ಕಾಣದಂತಿರುತ್ತದೆ.

ರೋಗದ ಭಯ ಬಂದದ್ದು ಸಹಜ. ನಿಯಾನ್ ರೋಗ ಎಂದೇ ಕರೆಯುವ ಪರಾವಲಂಬಿ ಸೋಂಕಿನಲ್ಲೂ ಬಣ್ಣ ಹೋಗುತ್ತದೆ. ಆದರೆ ಅದು ಗುಂಪಿನ ಎಲ್ಲ ಮೀನುಗಳಲ್ಲೂ ಒಂದೇ ಸಮನಾಗಿ ಹೋಗುವುದಿಲ್ಲ. ಒಂದೆರಡರಲ್ಲಿ ಬಿಳಿಚಿದ ತೇಪೆಗಳು ಕಾಣಿಸಿ, ಬೆನ್ನು ಬಾಗಿ, ಮೀನು ಗುಂಪು ಬಿಡುತ್ತದೆ. ಅಂಥದ್ದು ಕಂಡರೆ ತಕ್ಷಣ ಬೇರೆ ಟ್ಯಾಂಕಿಗೆ ಹಾಕಿ.

ನನಗೆ ಚಿಂತೆ ನಿಮ್ಮ ಬೋರ್‌ವೆಲ್ ನೀರಿನದು. ಮಾರುಕಟ್ಟೆಯ ನಿಯಾನ್ ಬಹುತೇಕ ಫಾರ್ಮ್‌ಗಳಲ್ಲಿ ಹುಟ್ಟಿದ್ದು, ಬೋರ್‌ವೆಲ್‌ನಲ್ಲಿ ಸಾಮಾನ್ಯವಾಗಿ ಸಿಗುವಂಥ, ಲವಣ ಹೆಚ್ಚಿರುವ ಗಡಸು ನೀರನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ಗ್ರೀನ್ ನಿಯಾನ್ ಹೆಚ್ಚಾಗಿ ಹೊಳೆಯಿಂದಲೇ ಹಿಡಿದು ತಂದದ್ದು. ದಕ್ಷಿಣ ಅಮೆರಿಕದ ರಿಯೋ ನೀಗ್ರೋ, ಒರಿನೋಕೋ ನದಿಗಳ ಮೇಲ್ಭಾಗದಲ್ಲಿ, ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ, ಲವಣ ಇಲ್ಲವೆನ್ನುವಷ್ಟು ಕಡಿಮೆ ಇರುವ ಆಮ್ಲೀಯ ನೀರು ಅದರ ಮನೆ. ವಾರವಾರ ನೀರು ಬದಲಿಸುವಾಗ ಲವಣ ಸೋಸಿ ತೆಗೆದ ಆರ್‌ಒ ನೀರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ, ಒಮ್ಮೆಗೇ ಬೇಡ. ಒಣಗಿ ಉದುರಿದ ಕಾಡುಬಾದಾಮಿ ಎಲೆ ಒಂದೆರಡು ತೊಳೆದು ಹಾಕಿ. ಬಾಯಿ ಸಣ್ಣದಾದ್ದರಿಂದ ಆಹಾರವನ್ನು ಬೆರಳಲ್ಲಿ ಪುಡಿ ಮಾಡಿಯೇ ಕೊಡಿ. ಏಂಜಲ್ ಮೀನಿನ ಜೊತೆ ಮಾತ್ರ ಬಿಡಬೇಡಿ, ನುಂಗಿಬಿಡುತ್ತದೆ.