ಕ್ಯಾಲ್ ಗ್ರ್ಯಾಂಟ್: ಸೇರುವ ಮೊದಲು ಕಾಲೇಜಿನ ಲೆಕ್ಕ ಕೇಳಿ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗ ಇಲ್ಲೇ ಹುಟ್ಟಿದವನು. ನಮ್ಮ ವರಮಾನ ಕಡಿಮೆ. ಒಂದು ಖಾಸಗಿ ಕಾಲೇಜಿನವರು ಫೋನ್ ಮೇಲೆ ಫೋನ್ ಮಾಡಿ 'ಸೇರಿಸಿ, ಫೀಸಿಗೆ ನೆರವು ಬರುತ್ತದೆ' ಅನ್ನುತ್ತಿದ್ದಾರೆ. ಆದರೆ ಅಲ್ಲಿ ಸೇರಿದರೆ ಕ್ಯಾಲ್ ಗ್ರ್ಯಾಂಟ್ ಸಿಗುವುದಿಲ್ಲವಂತೆ. ಬಡವರಿಗೆ ಕೊಡುವ ದುಡ್ಡನ್ನು ಕಾಲೇಜು ನೋಡಿ ಯಾಕೆ ಕೊಡಬೇಕು?

ಉತ್ತರ: ಅವರು ಹೇಳುವ 'ನೆರವು' ಯಾವುದು ಅಂತ ಮೊದಲು ಕೇಳಿ. ಸಾಲವಾಗಿದ್ದರೆ ಬಡ್ಡಿ ಸಮೇತ ನಿಮ್ಮ ಮಗನೇ ತೀರಿಸಬೇಕು. ಕ್ಯಾಲ್ ಗ್ರ್ಯಾಂಟ್ ರಾಜ್ಯ ಸರ್ಕಾರ ಕೊಡುವ ದುಡ್ಡು, ವಾಪಸ್ ಕಟ್ಟಬೇಕಾಗಿಲ್ಲ.

ಕಾಲೇಜು ನೋಡುವ ನಿಯಮ ಬಂದದ್ದು 2011ರಲ್ಲಿ, ಜೆರ್ರಿ ಬ್ರೌನ್ ಗವರ್ನರ್ ಆಗಿದ್ದಾಗ. ಖಜಾನೆಯಲ್ಲಿ ದುಡ್ಡಿರಲಿಲ್ಲ, ಇತ್ತ ಲಾಭಕ್ಕಾಗಿ ನಡೆಸುವ ಕೆಲವು ಕಾಲೇಜುಗಳು ಹುಡುಗರ ತಲೆ ಮೇಲೆ ಸಾಲ ಹೊರಿಸಿ ಕೈತೊಳೆದುಕೊಳ್ಳುತ್ತಿದ್ದವು. ಮರುವರ್ಷ ನಿಯಮ ಇನ್ನೂ ಬಿಗಿಯಾಯಿತು. ಕಾಲೇಜು ಬಿಟ್ಟು ಸಾಲ ಕಟ್ಟಲು ಶುರು ಮಾಡಿದವರಲ್ಲಿ ಮೂರು ವರ್ಷದೊಳಗೆ ಸುಸ್ತಿದಾರರಾದವರು ಶೇ. 15.5 ಮುಟ್ಟಿದರೆ, ಅಥವಾ ಓದು ಪೂರ್ತಿ ಮಾಡುವವರು ಶೇ. 30 ದಾಟದಿದ್ದರೆ, ಆ ಕಾಲೇಜಿಗೆ ಕ್ಯಾಲ್ ಗ್ರ್ಯಾಂಟ್ ಬಂದ್. ಕೇಂದ್ರ ಸರ್ಕಾರದ ಸಾಲ ಮಾಡುವ ವಿದ್ಯಾರ್ಥಿಗಳು ಶೇ. 40 ಅಥವಾ ಅದಕ್ಕಿಂತ ಕಡಿಮೆ ಇರುವ ಕಾಲೇಜುಗಳಿಗೆ ಮಾತ್ರ ವಿನಾಯಿತಿ. ಬಡ ಹುಡುಗರನ್ನೇ ಜಾಸ್ತಿ ಸೇರಿಸಿಕೊಳ್ಳುವ ಕಡೆ ಈ ಲೆಕ್ಕ ಕೆಡುವುದು ಸಹಜ ಅನ್ನುವ ತಕರಾರಿದೆ, ಅದರಲ್ಲಿ ಹುರುಳೂ ಇದೆ. ಆದರೂ ಅರ್ಧಕ್ಕೆ ಬಿಟ್ಟ ಓದು, ಪೂರ್ತಿ ಸಾಲ, ಇದರಿಂದ ಬಡವರಿಗೇನು ಉಪಕಾರ?

ಸುಮ್ನೆ ಹೆದರಿಸುತ್ತಿಲ್ಲ. ಕೊರಿಂಥಿಯನ್ ಕಾಲೇಜಸ್ ಅನ್ನುವ ಸಂಸ್ಥೆ 2015ರ ಏಪ್ರಿಲ್‌ನಲ್ಲಿ ಉಳಿದ ಕ್ಯಾಂಪಸ್‌ಗಳನ್ನೆಲ್ಲ ಒಂದೇ ಸಲ ಮುಚ್ಚಿದಾಗ ಸುಮಾರು 16 ಸಾವಿರ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಓದಿದವರಿಗೆ ಕೆಲಸ ಸಿಕ್ಕ ಲೆಕ್ಕವನ್ನೇ ಇವರು ಸುಳ್ಳು ತೋರಿಸಿದ್ದಾರೆ ಅಂತ ಆಗ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಕಮಲಾ ಹ್ಯಾರಿಸ್ 2013ರಲ್ಲೇ ಕೇಸು ಹಾಕಿದ್ದರು.

ಹಾಗಂತ ಕ್ಯಾಲ್ ಗ್ರ್ಯಾಂಟ್ ಸಿಗುವ ಪಟ್ಟಿಯಲ್ಲಿರುವ ಕಾಲೇಜುಗಳೆಲ್ಲ ಒಳ್ಳೆಯವು ಅಂತಲ್ಲ. ಕೋವಿಡ್ ಕಾಲದಲ್ಲಿ, 2020ರಿಂದ 2023ರವರೆಗೆ, ಸರ್ಕಾರಿ ಸಾಲದ ಕಂತೇ ನಿಂತಿತ್ತು. ಕಂತೇ ಇಲ್ಲದ ಮೇಲೆ ಸುಸ್ತಿದಾರರು ಎಲ್ಲಿಂದ ಬರಬೇಕು? ಆ ವರ್ಷಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸು. ನಾನಾಗಿದ್ದರೆ ಓದು ಪೂರ್ತಿ ಮಾಡಿದವರ ಪ್ರಮಾಣವನ್ನೇ ಮೊದಲು ನೋಡುತ್ತೇನೆ.

ಈ ಗ್ರ್ಯಾಂಟ್ ನೋಡಿಕೊಳ್ಳುವ ಕ್ಯಾಲಿಫೋರ್ನಿಯಾ ಸ್ಟೂಡೆಂಟ್ ಏಡ್ ಕಮಿಷನ್ನಿನ ಪಟ್ಟಿ ನೋಡಿ, ಫಾಫ್ಸಾ ಅನ್ನುವ ಕೇಂದ್ರ ಸರ್ಕಾರದ ನೆರವಿನ ಅರ್ಜಿಯನ್ನು ಗಡುವಿನೊಳಗೆ ತುಂಬಿ. ವರಮಾನ ಕಡಿಮೆ ಇದ್ದರೆ ಕ್ಯಾಲ್ ಗ್ರ್ಯಾಂಟ್ 'ಬಿ'ಗೆ ಜಿಪಿಎ (ಅಂಕಗಳ ಸರಾಸರಿ) 2.0 ಸಾಕು.

ಪ್ರಶ್ನೆ: ಹಾಸನದಿಂದ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಅಲ್ಲಿಗೆ ಹೋಗುವ ನನ್ನ ತಂಗಿಗೂ ಇದು ಸಿಗುತ್ತದಾ?

ಉತ್ತರ: ಇಲ್ಲ. ಕಾಲೇಜು ತಾನೇ ಕೊಡುವ ಸ್ಕಾಲರ್‌ಶಿಪ್ ಏನಾದರೂ ಇದೆಯಾ ಅಂತ ವಿಚಾರಿಸಲಿ.