ಕುಮಟಾದ ಗೋಸುಂಬೆಗೆ: ಮೊದಲು ನೀರು, ಆಮೇಲೆ ಬಿಸಿಲು

ಗೆಳೆಯರಿಂದ ಯೆಮನ್ ಗೋಸುಂಬೆ ತಂದು ಐದು ದಿನ ಆಯ್ತು, ಹಗಲಲ್ಲೂ ಕಣ್ಣು ಮುಚ್ಚಿರುತ್ತದೆ, ಮುಂಗಾಲು ಬಾಗಿದೆ, ಬಟ್ಟಲಿನ ನೀರು ಮುಟ್ಟುತ್ತಿಲ್ಲ ಅಂದಿದ್ದೀರಿ. ಓದಿ ಸಂಕಟ ಆಯ್ತು.

ಬಟ್ಟಲು ತೆಗೆದುಬಿಡಿ. ಗೋಸುಂಬೆ ಎಲೆ ಮೇಲಿನ ಹನಿ ನೆಕ್ಕಿ ಕುಡಿಯುತ್ತದೆ, ನಿಂತ ನೀರು ಅದಕ್ಕೆ ನೀರು ಅಂತಲೇ ಗೊತ್ತಾಗುವುದಿಲ್ಲ. ಗೂಡಿನೊಳಗೆ ದಾಸವಾಳದ ಗಿಡ ಇಟ್ಟು ಬೆಳಿಗ್ಗೆ, ಸಂಜೆ ನೀರು ಸಿಂಪಡಿಸಿ. ಹಿಕ್ಕೆಯ ಬಿಳಿ ಭಾಗ ಹಳದಿ ಅಥವಾ ಕಿತ್ತಳೆ ಆಗಿದ್ದರೆ ನೀರು ಸಾಲುತ್ತಿಲ್ಲ. ಸಿರಿಂಜಿನಿಂದ ಮಾತ್ರ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಹೋದೀತು.

ಕಾಲು ಬಾಗಿರುವುದು ಹೆಚ್ಚಾಗಿ ಕ್ಯಾಲ್ಸಿಯಂ ಕೊರತೆಯಿಂದ. ಕ್ಯಾಲ್ಸಿಯಂ ಮೈಗೆ ಹತ್ತಲು ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಬೇಕು. ಕಿಟಕಿ ಗಾಜಿನ ಒಳಗೆ ಬೀಳುವ ಬಿಸಿಲು ಲೆಕ್ಕಕ್ಕಿಲ್ಲ, ಆ ಕಿರಣವನ್ನು ಗಾಜು ತಡೆಯುತ್ತದೆ. ಅದನ್ನು ಕೊಡುವ ಯುವಿಬಿ ಟ್ಯೂಬ್ ದೀಪ ಬೇಕೇ ಬೇಕು. ಕೊಂಬೆಯಿಂದ ಎಳೆದು ಬಿಡಿಸಬೇಡಿ, ಮೆತ್ತಗಾದ ಮೂಳೆ ಮುರಿಯುತ್ತದೆ.

ಆದರೆ ಹಗಲಲ್ಲಿ ಕಣ್ಣು ಮುಚ್ಚುವುದು ಕಾಯುವ ವಿಷಯ ಅಲ್ಲ. ಸರೀಸೃಪ ನೋಡುವ ವೈದ್ಯರಿಗೆ ಇವತ್ತೇ ಫೋನ್ ಮಾಡಿ, ಎಕ್ಸ್‌ರೇ ಕೇಳಿ.

ನಮ್ಮ ಕಡೆ ಇನ್ನೊಂದು ಅಪಾಯ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಅಡಿಕೆ ತೋಟದ ಮಿಡತೆ ಹಿಡಿದು ಹಾಕಬೇಡಿ. ಮಿಂಚುಹುಳವಂತೂ ಒಂದೂ ಬೇಡ, ಅದು ಹಲ್ಲಿ ಜಾತಿಗೆ ವಿಷ. ಗಾಜಿನ ಪೆಟ್ಟಿಗೆ ಬದಲು ಜಾಲರಿ ಗೂಡು ಮಾಡಿಸಿ, ಈ ತೇವದಲ್ಲಿ ಗಾಳಿ ಆಡದಿದ್ದರೆ ಶ್ವಾಸಕೋಶದ ಸೋಂಕು ಬರುತ್ತದೆ.

ಗೆಳೆಯರ ಹತ್ತಿರ ಕಾಗದಪತ್ರವನ್ನೂ ಕೇಳಿ. ಇದು ನಮ್ಮ ಕಾಡಿನ ಗೋಸುಂಬೆಯೇ ಆಗಿದ್ದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಸಾಕುವಂತಿಲ್ಲ, ಅರಣ್ಯ ಇಲಾಖೆಗೆ ಒಪ್ಪಿಸಬೇಕು. ವೈದ್ಯರು ಏನಂದರು ಅಂತ ದಯವಿಟ್ಟು ಬರೆಯಿರಿ.